ಕೂಲಿಂಗ್ ಗ್ಲಾಸಿನ ಆಸೆಗೆ ಉಳಿದ ಕಣ್ಣು

ಆಪರೇಷನ್ ನಡೆಯುತ್ತಿರುವಾಗ ಕರೆಂಟು ಹೋಗಬಹುದಿತ್ತು. ಕರೆಂಟು ಹೋದಾಗ ಜನರೇಟರ್ ಮುನಿಸಿಕೊಳ್ಳಬಹುದಿತ್ತು. ಡಾಕ್ಟರಿಗೆ ಸರಿಯಾಗಿ ಆ ಕ್ಷಣಕ್ಕೇ ಸೀನು ಬರಬಹುದಿತ್ತು. ಅವರಿಗೆ ಬಾರದಿದ್ದರೆ ನನಗೆ ಬರಬಹುದಿತ್ತು. ಮರಗಟ್ಟಿಸುವ ಇಂಜೆಕ್ಷನ್ ಊರಿಗೆಲ್ಲ ಹಿಡಿದು ನನಗೊಬ್ಬನಿಗೆ ಹಿಡಿಯದೆ ಹೋಗಬಹುದಿತ್ತು. ಕಣ್ಣೊಳಗೆ ರಕ್ತ ಸೋರಬಹುದಿತ್ತು, ಕೀವಾಗಬಹುದಿತ್ತು, ಒತ್ತಡ ಇಳಿಯದೇ ಇರಬಹುದಿತ್ತು, ಅಥವಾ ಇಳಿಯಲು ಶುರುವಾದದ್ದು ಎಲ್ಲಿಯೂ ನಿಲ್ಲದೆ ಕಣ್ಣು ಹುಟ್ಟುಹಬ್ಬದ ಮಾರನೆಯ ದಿನದ ಬಲೂನಿನಂತೆ ಮುದುಡಬಹುದಿತ್ತು. (ಈ ಸಾಲನ್ನು ನಾನು ಕಲ್ಪಿಸಿಕೊಂಡದ್ದಲ್ಲ. ಬಲೂನೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಒಪ್ಪಿಗೆಪತ್ರದಲ್ಲೇ ಅಚ್ಚಾಗಿತ್ತು.) ಆಸ್ಪತ್ರೆಯಿರುವ ಅಪ್ಪರ್ ಹಿಲ್ ಏರುವ ರಸ್ತೆಯಲ್ಲಿ ಯಾರಾದರೂ ಮಂತ್ರಿ ಹೋಗುತ್ತಿದ್ದು ಪೊಲೀಸರು ನಮ್ಮನ್ನು ತಾಸುಗಟ್ಟಲೆ ನಿಲ್ಲಿಸಬಹುದಿತ್ತು. ವಿಮಾ ಕಂಪನಿಯ ಒಪ್ಪಿಗೆ ಬಾರದೆ ರಿಸೆಪ್ಷನ್ನಿನಿಂದಲೇ ವಾಪಸಾಗಬಹುದಿತ್ತು. ನನ್ನ ಹೆಸರು ಪ್ರಕಾಶ, ನೈರೋಬಿಯಲ್ಲಿ ಪ್ರಕಾಶರಿಗೇನು ಬರವೇ? ಯಾವುದೋ ಗುಜರಾತಿ ಪ್ರಕಾಶನ ಫೈಲು ನನ್ನ ಮಂಚಕ್ಕೆ ಬಂದು, ಅವನ ಮೂಲವ್ಯಾಧಿಗೆ ನನಗೆ ಚಿಕಿತ್ಸೆಯಾಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಲಗಣ್ಣಿನ ಬದಲು ಎಡಗಣ್ಣನ್ನು ಕುಯ್ಯಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ದಾವಣಗೆರೆಯವನು. ವಯಸ್ಸು ಐವತ್ತೆರಡು. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಭಾರತೀಯರು ನಡೆಸುವ ಒಂದು ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮ್ಯಾನೇಜರ್. ಅಂದರೆ ಅನುಮಾನಪಡುವುದಕ್ಕೆ ಸಂಬಳ ತೆಗೆದುಕೊಳ್ಳುವವನು. ಬೇರೆಯವರು ಮಾಡಿದ ಇಂಜೆಕ್ಷನ್ ಬಾಟಲಿಗಳಲ್ಲಿ ತಪ್ಪು ಹುಡುಕುವುದು, ಸಿಕ್ಕರೆ ‘ನೋ’ ಎನ್ನುವುದು, ಸಿಗದಿದ್ದರೆ ಯಾಕೆ ಸಿಗಲಿಲ್ಲ ಎಂದು ಚಿಂತಿಸುವುದು. ಮನೆಯಲ್ಲೂ ಅದೇ ಕಸುಬು. ನಾನು ಗ್ಯಾಸ್ ಆಫ್ ಮಾಡಿದ್ದನ್ನು ಎರಡು ಸಲ ನೋಡುವವನು. ನನ್ನ ಹೆಂಡತಿ ವೀಣಾ, ನಾನು ಎರಡನೇ ಸಲ ನೋಡಲು ಹೋದಾಗ ಬೇಕೆಂದೇ ಗ್ಯಾಸ್ ಹಚ್ಚಿ ಚಹಾಕ್ಕೆ ಇಡುವವಳು.

ಇಂಥ ನನಗೆ ಗ್ಲಾಕೋಮಾ ಬಂದು ವರ್ಷಗಟ್ಟಲೆ ಕಣ್ಣೊಳಗೇ ಸಂಸಾರ ಹೂಡಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ನೋವಿಲ್ಲ, ಉರಿಯಿಲ್ಲ, ನೀರಿಲ್ಲ. ಕಣ್ಣೊಳಗಿನ ಒತ್ತಡ ಹೆಚ್ಚಿ ನರವನ್ನು ಅಂಚಿನಿಂದ ತಿನ್ನುತ್ತಾ ಬರುತ್ತದಂತೆ. ಬಾರದ ನೂರು ಕಾಯಿಲೆಗೆ ಹೆದರಿದವನು ಬಂದ ಒಂದನ್ನು ಗಮನಿಸಿರಲಿಲ್ಲ.

ಕಥೆ ಶುರುವಾಗುವುದು ಒಂದು ಫಾರಂನಿಂದ. ಪ್ರತಿ ಡಿಸೆಂಬರಿನಲ್ಲಿ ನಮ್ಮ ಆಫೀಸಿನ ಎಚ್‌ಆರ್‌ನ ವಂಜಿರು ಎಲ್ಲರ ಮೇಜಿಗೂ ವೈದ್ಯಕೀಯ ವಿಮೆಯ ಫಾರಂ ತರುತ್ತಾಳೆ. ಆಸ್ಪತ್ರೆ, ಔಷಧ ಎಲ್ಲ ಕಂಪನಿಯದು. ಆದರೆ ಕಣ್ಣಿನ ವಿಮೆ ಬೇಕೆಂದರೆ ಬೇರೆ ಚೌಕದಲ್ಲಿ ಗುರುತು ಹಾಕಬೇಕು, ಅದರ ಕಂತು ಸಂಬಳದಲ್ಲಿ ಮುರಿಯುತ್ತಾರೆ. ಅದರಲ್ಲಿ ಸಿಗುವುದು ಕಣ್ಣಿನ ತಪಾಸಣೆ ಮತ್ತು ಕನ್ನಡಕ, ಇಡೀ ಕುಟುಂಬಕ್ಕೆ ಸೇರಿ ವರ್ಷಕ್ಕೆ ಇಷ್ಟು ಎಂದು ಮಿತಿ. ಬಳಸದೆ ಉಳಿದದ್ದು ಡಿಸೆಂಬರ್ ಕೊನೆಗೆ ಹೋಯಿತು.

ವೀಣಾ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಪ್ರತಿ ವರ್ಷ ಅವಳದು ಒಂದೇ ವಾದ. “ಕಟ್ಟೋದನ್ನೇ ಕೂಡಿಟ್ರೆ ಕನ್ನಡಕ ನಾವೇ ತಗೋಬಹುದು ರೀ. ಇದು ವಿಮೆ ಅಲ್ಲ, ಕಂತಲ್ಲಿ ಕನ್ನಡಕ.”

ಪ್ರತಿ ವರ್ಷ ನನ್ನದೂ ಒಂದೇ ಉತ್ತರ. “ಆದ್ರೂ ಇರ್ಲಿ ಬಿಡು.”

ಹದಿನೈದರ ಮಗಳು ಧಾತ್ರಿಗೆ ದೂರದ್ದು ಕಾಣುವುದಿಲ್ಲ. ಕನ್ನಡಕದ ಮೇಲೆ ಕೂರುವುದು ಅವಳ ಹವ್ಯಾಸ. ವೀಣಾಗೆ ಓದುವ ಕನ್ನಡಕ ಬೇಕು. ಹಾಗಾಗಿ ವರ್ಷದ ಮಿತಿಯೆಲ್ಲ ಅವರಿಬ್ಬರಿಗೇ ಸರಿಹೋಗುತ್ತಿತ್ತು. ನಾನು ಕಂತು ಕಟ್ಟುವ ಯಜಮಾನ. ಒಂದು ಸಲವೂ ತಪಾಸಣೆಯ ಕುರ್ಚಿಯಲ್ಲಿ ಕೂತವನಲ್ಲ. ಓದಲು ಸೂಪರ್ ಮಾರ್ಕೆಟ್ಟಿನ ಕಡಲೆಕಾಯಿ ಸಾಲಿನ ಪಕ್ಕ ನೇತುಹಾಕುವ ಕನ್ನಡಕ ಸಾಕಿತ್ತು.

ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ಧಾತ್ರಿ ಹೊಸ ಕನ್ನಡಕ ಬೇಡವೆಂದಳು. “ದಿಸ್ ಒನ್ ಈಸ್ ಫೈನ್ ಅಪ್ಪಾ.” ಎಂದೂ ಹಾಗೆ ಅಂದವಳಲ್ಲ. ಮಿತಿಯ ಅರ್ಧ ಉಳಿದುಬಿಟ್ಟಿತು. ಕಟ್ಟಿದ್ದು ಹಾಳಾಗುವುದನ್ನು ನೋಡಿಕೊಂಡು ಸುಮ್ಮನಿರುವ ವಂಶ ನಮ್ಮದಲ್ಲ. ಬೇರೆಯವರ ಮದುವೆಯಲ್ಲೂ ಉಳಿದ ಲಾಡು ಕಟ್ಟಿಸಿಕೊಂಡು ಬರುವವರು ನಾವು. ಆಗ ನನಗೊಂದು ಉಪಾಯ ಹೊಳೆಯಿತು. ನಾನೊಂದು ಒಳ್ಳೆಯ ಕೂಲಿಂಗ್ ಗ್ಲಾಸ್ ತೆಗೆದುಕೊಂಡರೆ?

ಹರ್ಲಿಂಗ್‌ಹ್ಯಾಮ್‌ನ ಕನ್ನಡಕದಂಗಡಿಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ವರ್ಷಕೊನೆಯ ಜನವೆಲ್ಲ ನನ್ನಂಥವರೇ. ಕೈಯಲ್ಲಿ ವಿಮೆಯ ಕಾರ್ಡು, ಮುಖದಲ್ಲಿ ಬಸ್ಸು ತಪ್ಪೀತೆಂಬ ಗಾಬರಿ. ಕೌಂಟರಿನ ಹುಡುಗಿ ಹೇಳಿದಳು: ಬರೀ ತಂಪು ಕನ್ನಡಕಕ್ಕೆ ವಿಮೆ ಕೊಡುವುದಿಲ್ಲ, ನಂಬರ್ ಇದ್ದರೆ ಮಾತ್ರ, ನಂಬರ್ ಬೇಕಾದರೆ ತಪಾಸಣೆ ಆಗಲೇಬೇಕು.

“ಬೇಗ ಆಗುತ್ತಾ?” ಎಂದೆ. ಕಾರು ನಿಲ್ಲಿಸಿದ ಜಾಗದ ಬಗ್ಗೆ ಚಿಂತೆಯಿತ್ತು.

ತಪಾಸಣೆ ಮಾಡಿದವಳು ಸಣ್ಣ ವಯಸ್ಸಿನ ಹುಡುಗಿ. ಕಣ್ಣಿಗೆ ಫುಸ್ಸೆಂದು ಗಾಳಿ ಬಿಡುವ ಯಂತ್ರದ ಮುಂದೆ ಕೂರಿಸಿದಳು. ಎಡಗಣ್ಣಿಗೆ ಎರಡು ಸಲ ಬಿಟ್ಟಳು. ಬಲಗಣ್ಣಿಗೆ ಮೂರು ಸಲ, ಮತ್ತೆ ಒಂದು, ಮತ್ತೊಂದು. ಅವಳ ಮಾತು ಕಡಿಮೆಯಾಯಿತು. ಕಾರ್ಖಾನೆಯಲ್ಲಿ ಒಂದೇ ಬಾಟಲಿಯನ್ನು ಯಾರಾದರೂ ಐದು ಸಲ ತಿರುಗಿಸಿ ನೋಡಿದರೆ ಅದರ ಅರ್ಥವೇನೆಂದು ನನಗೆ ಗೊತ್ತು.

“ಸರ್, ನಿಮ್ಮ ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ?”

“ಇಲ್ಲ.”

“ನೀವು ನಾಳೆಯೇ ಕಣ್ಣಿನ ಸ್ಪೆಷಲಿಸ್ಟ್ ಹತ್ತಿರ ಹೋಗಬೇಕು. ಕೂಲಿಂಗ್ ಗ್ಲಾಸ್ ಆಮೇಲೆ ನೋಡೋಣ,” ಎಂದು ಒಂದು ಚೀಟಿ ಬರೆದುಕೊಟ್ಟಳು. “ಪೋಲೆ ಸಾನಾ.” ಸ್ವಾಹಿಲಿಯ ಆ ಎರಡು ಮಾತಿಗೆ ಅಯ್ಯೋ ಪಾಪ ಎಂಬಷ್ಟೇ ಅರ್ಥ. ಕಾಲು ಎಡವಿದರೂ ಹೇಳುತ್ತಾರೆ, ಮನೆ ಮುಳುಗಿದರೂ ಹೇಳುತ್ತಾರೆ. ಇದು ಎರಡರಲ್ಲಿ ಯಾವುದೆಂದು ಅವಳ ಮುಖ ನೋಡಿ ತಿಳಿಯಲಿಲ್ಲ.

ಅಪ್ಪರ್ ಹಿಲ್‌ನ ಕಣ್ಣಾಸ್ಪತ್ರೆಯ ಕಾಯುವ ಕೋಣೆಯನ್ನು ನಾನು ಈಗ ಕಣ್ಣು ಮುಚ್ಚಿಯೂ ಬಿಡಿಸಬಲ್ಲೆ. ಅಲ್ಲಿ ಎಲ್ಲರ ಕಣ್ಣಿಗೂ ಔಷಧ ಹಾಕಿ ಕೂರಿಸಿರುತ್ತಾರಾದ್ದರಿಂದ ಯಾರೂ ಯಾರನ್ನೂ ಸರಿಯಾಗಿ ನೋಡುವುದಿಲ್ಲ. ಮುಖ ಕಾಣದಿದ್ದಾಗ ಮಾತು ಸಲೀಸು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ನನ್ನ ಮೊಣಕೈ ಮುಟ್ಟಿ, “ಮೊದಲ ಸಲವಾ?” ಎಂದರು. ಹೌದೆಂದೆ. ಪರ್ಸಿನಿಂದ ಪೆಪ್ಪರಮಿಂಟು ತೆಗೆದು ಕೊಟ್ಟರು. “ಇಲ್ಲಿ ಹೊತ್ತಾಗುತ್ತೆ. ಇದನ್ನು ಕಚ್ಚಬೇಡ, ಚೀಪು.” ಅಂದು ನನಗೆ ಸಿಕ್ಕ ವೈದ್ಯಕೀಯ ಸಲಹೆಗಳಲ್ಲಿ ನಾನು ಪೂರ್ತಿ ಪಾಲಿಸಿದ್ದು ಅದೊಂದನ್ನೇ.

ಆಮೇಲೆ ದೃಷ್ಟಿಯ ವಿಸ್ತಾರ ಅಳೆಯುವ ಪರೀಕ್ಷೆ. ಬಿಳಿ ಬೋಗುಣಿಯಂಥ ಯಂತ್ರಕ್ಕೆ ಗಲ್ಲವಿಟ್ಟು, ಒಂದು ಕಣ್ಣು ಮುಚ್ಚಿ, ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ಎಡಗಣ್ಣು ಮುಗಿಯಿತು, ಪರವಾಗಿಲ್ಲ. ಬಲಗಣ್ಣಿನಲ್ಲಿ ಚುಕ್ಕಿ ಬಂತು, ಒತ್ತಿದೆ. ಬಂತು, ಒತ್ತಿದೆ. ಆಮೇಲೆ ಬರಲಿಲ್ಲ. ಬಹಳ ಹೊತ್ತು ಬರಲಿಲ್ಲ. ಯಂತ್ರ ಮಾತ್ರ ಒಳಗೊಳಗೇ ಸದ್ದು ಮಾಡುತ್ತಿತ್ತು. ಚುಕ್ಕಿಗಳು ಬರುತ್ತಿವೆ, ನನಗೆ ಕಾಣುತ್ತಿಲ್ಲ ಎಂದು ಹೊಳೆಯಿತು. ಸದ್ದಿನ ಲೆಕ್ಕ ಹಿಡಿದು ಅಂದಾಜಿನ ಮೇಲೆ ಒತ್ತತೊಡಗಿದೆ.

ಯಂತ್ರ ನಿಂತಿತು. ಪರೀಕ್ಷೆ ಮಾಡುತ್ತಿದ್ದ ನಡುವಯಸ್ಸಿನ ಮನುಷ್ಯ ಬಗ್ಗಿ, ತೀರಾ ಮೆತ್ತಗೆ ಹೇಳಿದ: “ಮ್ಜೀ, ಬೆಳಕು ಕಂಡಾಗ ಒತ್ತಿ. ಬರಬಹುದು ಅನ್ನಿಸಿದಾಗ ಅಲ್ಲ.”

ಮ್ಜೀ ಅಂದರೆ ಹಿರಿಯರು. ಹಿರಿಯನ ಕಿವಿ ಬಿಸಿಯಾಯಿತು. ಯಾಕೆಂದರೆ ನಮ್ಮ ಕಾರ್ಖಾನೆಯಲ್ಲಿ ಇಂಜೆಕ್ಷನ್ ಬಾಟಲಿಗಳನ್ನು ಒಂದೊಂದಾಗಿ ಕಪ್ಪು ಹಲಗೆಯ ಮುಂದೆ, ಬಿಳಿ ಹಲಗೆಯ ಮುಂದೆ ಹಿಡಿದು ಕಸ ನೋಡುವ ಹೆಂಗಸರಿದ್ದಾರೆ. ಸರಿಯಾಗಿ ನೋಡದೆ ಅಂದಾಜಿನ ಮೇಲೆ ಪಾಸ್ ಮಾಡಿದ್ದಕ್ಕೆ ಅವರಲ್ಲಿ ಒಬ್ಬಳಿಗೆ ನಾನು ಮೆಮೊ ಕೊಟ್ಟಿದ್ದೆ. ಇನ್ನೂ ಒಂದಿದೆ. ಆ ಕೆಲಸದವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಕಡ್ಡಾಯ. ಆ ವರದಿಗಳನ್ನೆಲ್ಲ ಓದಿ, ‘ಕೆಲಸಕ್ಕೆ ಅರ್ಹ’ ಎಂದು ಸಹಿ ಹಾಕುವವನು ನಾನು. ಅವರು ಪಾಸ್ ಮಾಡಿದ್ದನ್ನು ಮತ್ತೆ ಹಲಗೆಯ ಮುಂದೆ ಹಿಡಿದು ನೋಡುವವನೂ ನಾನೇ. ಹದಿನಾಲ್ಕು ವರ್ಷದಲ್ಲಿ ನನ್ನ ಕಣ್ಣಿನ ವರದಿ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ. ಕೇಳಬೇಕಾದವನೂ ನಾನೇ ಆಗಿದ್ದೆ.

ಪರೀಕ್ಷೆ ಮೊದಲಿನಿಂದ ಆಯಿತು. ಈ ಸಲ ಪ್ರಾಮಾಣಿಕವಾಗಿ. ಡಾಕ್ಟರ್ ಚೆಬೆಟ್ ಎಂಬ ನಿಧಾನ ಮಾತಿನ ಹೆಂಗಸು ಕಾಗದವನ್ನು ನನ್ನ ಮುಂದೆ ಇಟ್ಟರು. ಬಲಗಣ್ಣಿನ ಚಿತ್ರದಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು. ಎಡಗಣ್ಣಿನದರಲ್ಲಿ ಮೂಲೆಯಲ್ಲೊಂದು ಸಣ್ಣ ಮಸಿ.

“ಹೋದದ್ದು ವಾಪಸ್ ಬರುವುದಿಲ್ಲ,” ಎಂದರು. “ಉಳಿದದ್ದನ್ನು ಉಳಿಸಿಕೊಳ್ಳೋಣ. ಅದು ಸಾಧ್ಯ. ಸದ್ಯಕ್ಕೆ ಕಾರು ಓಡಿಸಬೇಡಿ.”

ನಾನು ಕೇಳಿದ ಪ್ರಶ್ನೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. “ಹೊರಗೆ ನನ್ನ ಕಾರಿದೆ. ಅದನ್ನೇನು ಮಾಡಲಿ?”

ವೀಣಾ ಆಟೋರಿಕ್ಷಾದಂಥ ಟುಕ್‌ಟುಕ್ ಹಿಡಿದು ಬಂದು ಕಾರನ್ನೂ ನನ್ನನ್ನೂ ಮನೆಗೆ ತಂದಳು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಎಂಜಿನ್ ಆಫ್ ಮಾಡಿ ಸ್ಟಿಯರಿಂಗ್ ಹಿಡಿದೇ ಕೂತಳು. “ಮಳೆ ಬಂದ್ರೆ, ಬರ್ದಿದ್ರೆ, ರೇಟ್ ಏರಿದ್ರೆ, ಇಳಿದ್ರೆ, ಎಲ್ಲದಕ್ಕೂ ತಲೆ ಕೆಡಿಸ್ಕೋತೀರಲ್ರೀ. ನಿಮ್ಮ ಕಣ್ಣಿನ ಬಗ್ಗೆ ಒಂದ್ಸಲ ಚಿಂತೆ ಮಾಡೋಕೆ ಏನಾಗಿತ್ತು ನಿಮಗೆ?” ಎಂದು ಅತ್ತಳು. ಇಪ್ಪತ್ತು ವರ್ಷದಲ್ಲಿ ಅವಳು ನನಗೆ ಚಿಂತೆ ಮಾಡು ಎಂದದ್ದು ಅದೇ ಮೊದಲು.

ಧಾತ್ರಿಗೆ ನಾವು ಕನ್ನಡದಲ್ಲಿ ಹೇಳಿದೆವು, ಅವಳು ಎಂದಿನಂತೆ ಇಂಗ್ಲಿಷಿನಲ್ಲಿ ಉತ್ತರಿಸಿದಳು. “ಯೂ ಆರ್ ನಾಟ್ ಗೋಯಿಂಗ್ ಬ್ಲೈಂಡ್, ಓಕೆ?” ನನಗೆ ಆಜ್ಞೆ ಮಾಡಿದಂತಿತ್ತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಎದ್ದು ನೋಡಿದರೆ ಅಡುಗೆಮನೆಯ ಬಾಗಿಲುಚೌಕಟ್ಟು, ಊಟದ ಮೇಜಿನ ಮೂಲೆ, ಬಾಲ್ಕನಿಯ ಮೆಟ್ಟಿಲು, ಎಲ್ಲ ಕಡೆ ಹಳದಿ ಟೇಪು. ನಮ್ಮ ಮನೆಯ ಕೆಲಸಕ್ಕೆ ಬರುವ ಮಾಮಾ ರೋಸ್ (ಇಲ್ಲಿ ಮಾಮಾ ಎಂದರೆ ಅಮ್ಮ) ಹೇಳಿದಳು: ಬೆಳಿಗ್ಗೆ ಈ ಹುಡುಗಿ ಬಲಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಮನೆಯೆಲ್ಲ ಓಡಾಡಿದಳು, ಎಲ್ಲೆಲ್ಲಿ ತಾನು ಡಿಕ್ಕಿ ಹೊಡೆದಳೋ ಅಲ್ಲೆಲ್ಲ ಟೇಪು ಹಚ್ಚಿದಳು. ಮೊಣಕಾಲಿಗೆ ಒಂದು ಕಡೆ ತರಚಿತ್ತು. ಕೇಳಿದರೆ ಬಾಸ್ಕೆಟ್‌ಬಾಲ್ ಎಂದಳು.

ದಾವಣಗೆರೆಯಲ್ಲಿರುವ ನನ್ನ ಅಕ್ಕ ಸುಮಿತ್ರಾಗೆ ಫೋನ್ ಮಾಡಿದೆ. ಮನೆಯಲ್ಲಿ ಯಾರಿಗಾದರೂ ಕಣ್ಣು ಹೋಗಿತ್ತಾ ಎಂದು ಕನ್ನಡಕದಂಗಡಿಯ ಹುಡುಗಿ ಕೇಳಿದ ಪ್ರಶ್ನೆಯನ್ನು ಅವಳಿಗೆ ದಾಟಿಸಿದೆ.

“ನಮ್ಮ ಮನ್ಯಾಗೆ ಯಾರಿಗಿತ್ತೋ? ಎಲ್ರೂ ನೆಟ್ಟಗೇ ಇದ್ರಲ್ಲ,” ಎಂದಳು. ಆಮೇಲೆ, “ಅಪ್ಪಾಜಿ ಊಟಕ್ಕೆ ಕೂತಾಗ ಬಲಗಡೆ ಇಟ್ಟ ನೀರಿನ ಲೋಟ ಯಾವಾಗ್ಲೂ ಉರುಳಿಸ್ತಿದ್ರು. ನೆನಪೈತಾ? ಅಮ್ಮ ಬೈಯ್ತಿದ್ಲು.”

“ನಾವು ನಗ್ತಿದ್ವಿ,” ಎಂದೆ.

“ಹ್ಞೂಂ. ನಗ್ತಿದ್ವಿ.”

ಅಪ್ಪ ಹತ್ತಿ ಗಿರಣಿಯೊಂದರ ಆಫೀಸಿನಲ್ಲಿ ಗುಮಾಸ್ತರು. ಸಂಜೆ ರಸ್ತೆಯಲ್ಲಿ ಬರುವಾಗ ಒಂದು ಬದಿಯಿಂದ ಯಾರಾದರೂ ನಮಸ್ಕಾರ ಹೇಳಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಗುಮಾಸ್ತರಿಗೆ ಕಣ್ಣು ನೆತ್ತಿಗೇರಿದೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತಿತ್ತು. ಅಷ್ಟು ಸಣ್ಣ ನೌಕರಿಯ, ಅಷ್ಟು ಸಂಕೋಚದ ಮನುಷ್ಯನಿಗೆ ಅಹಂಕಾರ ಎಲ್ಲಿಂದ ಬಂತೆಂದು ನನಗೂ ಆಶ್ಚರ್ಯವಾಗುತ್ತಿತ್ತು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಆ ಸಂಜೆ ಫೋನು ಹಿಡಿದು ಕೂತು, ಅಪ್ಪನಿಗೆ ಆ ನಮಸ್ಕಾರಗಳು ಕಂಡೇ ಇರಲಿಲ್ಲ ಎಂದು ತಿಳಿಯಿತು.

“ಅಕ್ಕ, ನೀನು ನಾಳೆನೇ ಹೋಗಿ ಕಣ್ಣು ತೋರಿಸ್ಕೊ.”

“ನಂಗೇನಾಗೈತೋ?”

“ನಂಗೂ ಏನೂ ಆಗಿರ್ಲಿಲ್ಲ ಅಕ್ಕ.”

ಅವಳು ಹೋದಳು. ಸದ್ಯ, ಏನೂ ಇಲ್ಲ. ಧಾತ್ರಿಯನ್ನು ಜನವರಿಯಲ್ಲಿ ಹರ್ಲಿಂಗ್‌ಹ್ಯಾಮ್‌ಗೆ ಕರೆದುಕೊಂಡು ಹೋದೆವು. ಅದೇ ಗಾಳಿಯ ಯಂತ್ರ, ಅದೇ ಹುಡುಗಿ. ಧಾತ್ರಿಯ ಒಂದೊಂದು ಕಣ್ಣಿಗೂ ಆಕೆ ಎಷ್ಟು ಸಲ ಗಾಳಿ ಬಿಡುತ್ತಾಳೆಂದು ನಾನು ಹೊರಗೆ ನಿಂತು ಎಣಿಸಿದೆ. ಎರಡು. ಎರಡು. ದೇವರೇ, ಎರಡೇ. “ಎಲ್ಲಾ ಸರಿಯಿದೆ, ಆದರೆ ವರ್ಷ ವರ್ಷ ನೋಡಿಸಿ,” ಎಂದಳು. ನನ್ನ ಬದುಕಿನಲ್ಲಿ ನನಗೆ ಬಂದ ಇಷ್ಟು ಸಿಹಿಯಾದ ವರದಿ ಮತ್ತೊಂದಿಲ್ಲ.

ನನ್ನ ಚಿಕಿತ್ಸೆ ಹನಿಗಳಿಂದ ಶುರುವಾಯಿತು. ಒಂದು ಹನಿ ರಾತ್ರಿ ಊಟದ ನಂತರ ಬಲಗಣ್ಣಿಗೆ ಮಾತ್ರ, ಇನ್ನೊಂದು ಬೆಳಿಗ್ಗೆ, ಸಂಜೆ ಎರಡೂ ಕಣ್ಣಿಗೆ. ಕಣ್ಣು ಕೆಂಪಗಾಗಿ, ಮೀಟಿಂಗಿನಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಮೆಹ್ತಾ ನನ್ನ ಪಕ್ಕ ಬಂದು ಸಣ್ಣಗೆ ಮೂಸಿ ನೋಡಿದ್ದೂ ಆಯಿತು. ರಾತ್ರಿಯ ಹನಿಯ ಇನ್ನೊಂದು ಗುಣವೆಂದರೆ ರೆಪ್ಪೆಗೂದಲು ಬೆಳೆಯುತ್ತದೆ. ಬಲಗಣ್ಣಿಗೆ ಮಾತ್ರ ನಾಟಕದ ನಾಯಕಿಯ ರೆಪ್ಪೆ. ವೀಣಾ ನೋಡಿ ನೋಡಿ, “ಅನ್ಯಾಯ ಕಣ್ರೀ,” ಎಂದಳು.

ಕನ್ನಡ ಬಳಗದ ಭಾನುವಾರದ ಊಟದಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ. ಒಬ್ಬರು ಕ್ಯಾರೆಟ್ ಎಂದರು, ಒಬ್ಬರು ಜೇನುತುಪ್ಪ, ಇನ್ನೊಬ್ಬರು ಹಸಿರು ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಯಿರಿ ಎಂದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಜೇನುತುಪ್ಪವೊಂದನ್ನು ಬಿಟ್ಟು ಎಲ್ಲ ಮಾಡಿದೆ. ಬಹಳ ವರ್ಷದಿಂದ ಇಲ್ಲಿರುವ ಹಿರಿಯ ಉಪನ್ಯಾಸಕಿಯೊಬ್ಬರು ಮಾತ್ರ ಏನೂ ಹೇಳಲಿಲ್ಲ. ನನ್ನ ಎಡಗಡೆ ಬಂದು ಕೂತು, ಬಾಳೆಹಣ್ಣು ಸುಲಿದು ತಟ್ಟೆಗಿಟ್ಟರು.

ಎಡಗಡೆಯ ಮಾತು ಬಂದಾಗ ಓಟಿಯೆನೊನನ್ನು ನೆನೆಯಬೇಕು. ಅವನು ನಮ್ಮ ಕಾರ್ಖಾನೆಯ ಗೇಟಿನ ಕಾವಲುಗಾರ. ಅವನ ಗೂಡಂಗಡಿಯಂಥ ಕೋಣೆ ಗೇಟಿನ ಬಲಕ್ಕಿದೆ. ಈ ಊರಿನಲ್ಲಿ ಕುಶಲ ಕೇಳದೆ ದಾಟಿಹೋಗುವುದಕ್ಕಿಂತ ದೊಡ್ಡ ಒರಟುತನ ಇನ್ನೊಂದಿಲ್ಲ. ವರ್ಷದಿಂದ ಅವನು ನನಗೆ ಕುಶಲ ಕೇಳುವುದನ್ನು ನಿಲ್ಲಿಸಿದ್ದ. ಇವನಿಗೇನೋ ಕೊಬ್ಬು ಎಂದು ನಾನಂದುಕೊಂಡಿದ್ದೆ. ಅವನೂ ನನ್ನ ಬಗ್ಗೆ ಅದನ್ನೇ ಅಂದುಕೊಂಡಿದ್ದ. ಒಂದು ದಿನ ಸ್ಟಾಫ್ ವ್ಯಾನಿನಿಂದಿಳಿದು ನೇರ ಅವನ ಮುಂದೆ ನಿಂತು, “ನನಗೆ ಈ ಕಡೆ ಕಾಣುವುದಿಲ್ಲ ಓಟಿಯೆನೊ. ಬೇಕೆಂದು ಮಾಡಿದ್ದಲ್ಲ,” ಎಂದೆ. ಮರುದಿನದಿಂದ ನಮ್ಮ ವ್ಯಾನು ನಿಂತ ಕೂಡಲೇ ತನ್ನ ಕೋಣೆ ಬಿಟ್ಟು ರಸ್ತೆ ದಾಟಿ ಗೇಟಿನ ಎಡಕ್ಕೆ ಬಂದು ನಿಲ್ಲುತ್ತಾನೆ. “ಹಬಾರಿ, ಮ್ಜೀ?” ನಾನು, “ಚೆನ್ನಾಗಿದ್ದೇನೆ, ನಿನ್ನ ಮನೆಯವರು?” ಎನ್ನುತ್ತೇನೆ. ಅಪ್ಪನಿಗೂ ಅಂಥ ಒಬ್ಬ ಸಿಕ್ಕಿದ್ದರೆ ಎನ್ನಿಸುತ್ತದೆ.

ಹತ್ತು ತಿಂಗಳು ಹನಿ ಹಾಕಿದರೂ ಬಲಗಣ್ಣಿನ ಒತ್ತಡ ಹಟ ಬಿಡಲಿಲ್ಲ. ಅಕ್ಟೋಬರಿನ ಪರೀಕ್ಷೆಯಲ್ಲಿ ಕಪ್ಪು ಇನ್ನೂ ಒಂದಿಷ್ಟು ಹರಡಿತ್ತು. ಡಾಕ್ಟರ್ ಚೆಬೆಟ್ ಹೇಳಿದರು: ಒಳಗಿನ ನೀರು ಹೊರಹೋಗಲು ಸಣ್ಣ ದಾರಿ ಮಾಡೋಣ, ನವೆಂಬರಿನಲ್ಲಿ. ಮಾಡದಿದ್ದರೆ ಈ ಕಣ್ಣು ಉಳಿಯುವ ಭರವಸೆ ಕೊಡಲಾರೆ.

ಈ ಲೇಖನದ ಮೊದಲ ಪ್ಯಾರಾವನ್ನು ನಾನು ಮನಸ್ಸಿನಲ್ಲಿ ಬರೆಯತೊಡಗಿದ್ದು ಆವತ್ತಿನಿಂದ. ಒಪ್ಪಿಗೆಪತ್ರದ ಅಪಾಯಗಳಿಗೆ ನಾನೇನೂ ಮಾಡುವಂತಿರಲಿಲ್ಲ. ಆದರೆ ತಪ್ಪು ಕಣ್ಣಿಗೆ ಆಪರೇಷನ್ ಆಗುವುದನ್ನು ತಡೆಯಬಹುದಲ್ಲ? ಕಾರ್ಖಾನೆಯಲ್ಲಿ ಒಳ್ಳೆಯ ಬ್ಯಾಚಿಗೂ ಕೆಟ್ಟ ಬ್ಯಾಚಿಗೂ ಬೇರೆ ಬೇರೆ ಗುರುತು ಅಂಟಿಸುತ್ತೇವೆ. ಗುರುತಿಲ್ಲದ ವಸ್ತು ಎಂದರೆ ಅಪಘಾತಕ್ಕೆ ಆಹ್ವಾನ.

ಆಪರೇಷನ್ನಿನ ಬೆಳಿಗ್ಗೆ, ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಜೇಬಿನಿಂದ ಲ್ಯಾಬಿನ ಮಾರ್ಕರ್ ಪೆನ್ ತೆಗೆದೆ. ಗಾಜಿನ ಬಾಟಲಿಗಳ ಮೇಲೆ ಬರೆಯುವಂಥದ್ದು. ಧಾತ್ರಿ ಶಾಲೆಗೆ ರಜೆ ಹಾಕಿ ಹಿಂದಿನ ಸೀಟಿನಲ್ಲಿದ್ದಳು.

“ಎಡಹುಬ್ಬಿನ ಮೇಲೆ ಏನಾದ್ರೂ ಬರಿ ಮಗಳೇ. ಈ ಕಣ್ಣು ಅಲ್ಲ ಅಂತ ಗೊತ್ತಾಗಬೇಕು.”

“ಸೀರಿಯಸ್ಲಿ, ಅಪ್ಪಾ?”

ವೀಣಾ ಕನ್ನಡಿಯಲ್ಲೇ ನೋಡಿ ಅಂದಳು: “ಬರಿ ಪುಟ್ಟಾ. ಇಲ್ದಿದ್ರೆ ಇವರು ಕಾರಿಂದ ಇಳಿಯಲ್ಲ.”

ಧಾತ್ರಿ ಒಂದು ಕೈಯಲ್ಲಿ ನನ್ನ ಗಲ್ಲ ಹಿಡಿದುಕೊಂಡಳು. ಅವಳು ಚಿಕ್ಕವಳಿದ್ದಾಗ ದೃಷ್ಟಿಬೊಟ್ಟು ಇಡಲು ನಾನು ಹಾಗೆಯೇ ಹಿಡಿಯುತ್ತಿದ್ದೆ. ಇಂಗ್ಲಿಷಿನ ಎರಡು ದಪ್ಪಕ್ಷರ ಬರೆದಳು: ನೋ. ಆಮೇಲೆ ಊದಿ ಒಣಗಿಸಿದಳು.

ಒಳಗೆ ಸಿಸ್ಟರ್ ಅದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. “ಇದೇನು?”

“ಮುನ್ನೆಚ್ಚರಿಕೆ.”

“ನಮ್ಮಲ್ಲಿ ಆಪರೇಷನ್ ಆಗುವ ಕಣ್ಣಿನ ಮೇಲೆ ಮಾತ್ರ ಬಾಣದ ಗುರುತು. ಇನ್ನೊಂದು ಕಡೆ ಏನೂ ಇರಬಾರದು. ಎರಡೂ ಕಡೆ ಗುರುತಿದ್ದರೆ ಗೊಂದಲ ಆಗುವುದೇ ಆಗ!”

ಇಡೀ ಆಸ್ಪತ್ರೆಯಲ್ಲಿ ಅಂದು ಇದ್ದ ಒಂದೇ ಒಂದು ಅಪಾಯವನ್ನು ಹಣೆಯ ಮೇಲೆ ಹೊತ್ತು ತಂದವನು ನಾನು. ಆಕೆ ಹತ್ತಿಯಿಂದ ಉಜ್ಜಿದರು, ಗೊಣಗಿದರು, ಕೊನೆಗೆ ಅದರ ಮೇಲೊಂದು ಪ್ಲಾಸ್ಟರ್ ಅಂಟಿಸಿದರು. ಬಲಕ್ಕೆ ತಮ್ಮ ಬಾಣ ಬರೆದರು. ಆಮೇಲೆ ನನ್ನ ಹೆಸರು, ಹುಟ್ಟಿದ ದಿನ, ಯಾವ ಕಣ್ಣು ಎಂದು ಒಬ್ಬರಾದ ಮೇಲೊಬ್ಬರು ಕೇಳಿದರು. ನಾಲ್ಕನೆಯವರು ಕೇಳುವಾಗ ನನಗೆ ಕಣ್ಣೀರು ಬಂತು. ನನ್ನಷ್ಟೇ ಅನುಮಾನದ ಜನ ಇವರು. ನಾನು ನಮ್ಮವರ ಮಧ್ಯೆಯೇ ಇದ್ದೆ.

ಮುಖದ ಮೇಲೆ ಹಸಿರು ಬಟ್ಟೆ. ಒಬ್ಬ ನರ್ಸ್ ನನ್ನ ಕೈ ಹಿಡಿದುಕೊಂಡು ಕೂತಳು. ಅದೇ ಅವಳ ಕೆಲಸವಂತೆ. “ಮಾತಾಡಬೇಡಿ, ತಲೆ ಅಲ್ಲಾಡಿಸಬೇಡಿ. ಏನಾದರೂ ಆದರೆ ನನ್ನ ಕೈ ಒತ್ತಿ.” ನಾನು ಒತ್ತಿದೆ. ನೋವಾ? ಇಲ್ಲ. ಮತ್ತೆ ಒತ್ತಿದೆ. ಕೆಮ್ಮು ಬರುತ್ತಿದೆಯಾ? ಇಲ್ಲ. ಮೂರನೇ ಸಲ ಒತ್ತಿದಾಗ ಬಟ್ಟೆಯ ಆಚೆಯಿಂದ ನಗುವ ದನಿ ಬಂತು: “ಮ್ಜೀ, ಏನಾದರೂ ಆದಾಗ ಒತ್ತಿ. ಆಗಬಹುದು ಅನ್ನಿಸಿದಾಗ ಅಲ್ಲ.”

ಈ ಊರಿನವರೆಲ್ಲ ಸೇರಿ ನನ್ನ ಬಗ್ಗೆ ಮಾತಾಡಿಕೊಂಡಿರಬೇಕು. ಆಮೇಲೆ ಒತ್ತಲಿಲ್ಲ. ಅವಳೂ ಕೈ ಬಿಡಲಿಲ್ಲ. ಡಾಕ್ಟರ್ ಚೆಬೆಟ್ ಸಹಾಯಕರೊಂದಿಗೆ ತಮ್ಮ ತೋಟದ ಬೆಣ್ಣೆಹಣ್ಣನ್ನು ಕೋತಿಗಳು ತಿನ್ನುವ ಬಗ್ಗೆ ಮಾತಾಡುತ್ತಿದ್ದರು. ನನ್ನ ಕಣ್ಣು ಬಿಚ್ಚಿಟ್ಟುಕೊಂಡು ಕೋತಿಯ ಮಾತಾಡುತ್ತಾರೆಂದರೆ ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದರ್ಥ. ಅಷ್ಟು ಧೈರ್ಯ ನನಗೆ ಯಾವ ಮಂತ್ರವೂ ಕೊಟ್ಟಿರಲಿಲ್ಲ.

ಬಗ್ಗಬಾರದು, ಭಾರ ಎತ್ತಬಾರದು, ತಲೆಗೆ, ಮುಖಕ್ಕೆ ನೀರು ಸೋಕಿಸಬಾರದು. ವೀಣಾ ನನ್ನ ಚಪ್ಪಲಿ ಹಾಕಿದಳು, ಧಾತ್ರಿ ಹನಿ ಹಾಕಿದಳು. ಮೊದಲ ವಾರ ಎಲ್ಲ ಮಂಜು. ಆಮೇಲೆ ಒಂದು ದಿನ ಬಾಲ್ಕನಿಯ ಹಳದಿ ಟೇಪು ಬಲಗಣ್ಣೊಂದರಲ್ಲೇ ಕಂಡಿತು. ತಿಂಗಳುಗಳ ನಂತರದ ಪರೀಕ್ಷೆಯಲ್ಲಿ ಒತ್ತಡ ಇಳಿದಿದೆ, ಕಪ್ಪು ಮುಂದಕ್ಕೆ ಹೋಗಿಲ್ಲ. ಹೋದದ್ದು ಹೋಯಿತು. ಉಳಿದದ್ದು ಉಳಿದಿದೆ. ಕಾರು ಈಗ ವೀಣಾಳದೇ. ಬಾಟಲಿಯನ್ನು ಹಲಗೆಯ ಮುಂದೆ ಹಿಡಿದು ನೋಡುವ ಕೆಲಸ ನಾನಾಗಿಯೇ ಬಿಟ್ಟುಕೊಟ್ಟೆ. ಸಹಿ ಹಾಕುವವನಿಗೂ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿದೆ. ಮೆಮೊ ಕೊಟ್ಟಿದ್ದೆನಲ್ಲ, ಆ ಹೆಂಗಸಿಗೆ ಬೋಗುಣಿ ಯಂತ್ರದ ಕಥೆಯನ್ನೂ ಹೇಳಿದೆ. ಅವಳು ಕಣ್ಣೀರು ಬರುವಷ್ಟು ನಕ್ಕಳು. ನ್ಯಾಯವೇ.

ಈಗ ಬಳಗದಲ್ಲಿ ಯಾವಾಗಲೂ ಕೇಳುತ್ತಾರೆ: ಸಂಸಾರಕ್ಕೆ ಕಣ್ಣಿನ ವಿಮೆ ಬೇಕಾ? ಪ್ರಾಮಾಣಿಕವಾಗಿ ಹೇಳುತ್ತೇನೆ. ನನ್ನ ಆಪರೇಷನ್ನಿಗೆ, ಹನಿಗಳಿಗೆ ಅದು ಒಂದು ಕಾಸೂ ಕೊಡಲಿಲ್ಲ. ಅದೆಲ್ಲ ಕಂಪನಿಯ ಮಾಮೂಲಿ ವಿಮೆಯಲ್ಲಿ ಆಯಿತು. ಅದು ಕೊಟ್ಟದ್ದು ಒಂದು ತಪಾಸಣೆ. ಆ ತಪಾಸಣೆಯ ಖರ್ಚನ್ನು ಯಾರಾದರೂ ಕೈಯಿಂದಲೇ ಕೊಡಬಹುದು. ವೀಣಾಳ ಗಣಿತ ಇವತ್ತಿಗೂ ಸರಿ. ಆದರೆ ಕೈಯಿಂದ ಕೊಟ್ಟು ನಾನು ಹೋಗುತ್ತಿದ್ದೆನೇ? ಇಲ್ಲ. ಕಟ್ಟಿದ್ದು ಹಾಳಾಗುತ್ತದೆಂಬ ಸಂಕಟವೇ ನನ್ನ ಕತ್ತು ಹಿಡಿದು ಆ ಕುರ್ಚಿಗೆ ತಳ್ಳಿತು. ನೀವಾಗಿಯೇ ವರ್ಷಕ್ಕೊಮ್ಮೆ ಕಣ್ಣು ತೋರಿಸಿಕೊಳ್ಳುವ ಪುಣ್ಯಾತ್ಮರಾದರೆ ನಿಮಗೆ ವಿಮೆ ಬೇಡ. ನನ್ನ ಜಾತಿಯವರಾದರೆ ಬೇಕು. ಮಿತಿಯ ಮೊದಲ ಪಾಲು ಮಕ್ಕಳ ಫ್ರೇಮಿಗಲ್ಲ, ಕಂತು ಕಟ್ಟುವವನ ತಪಾಸಣೆಗೆ. ಮತ್ತು ಕಾಯುವ ಕೋಣೆಯಲ್ಲಿ ಯಾರಾದರೂ ಪೆಪ್ಪರಮಿಂಟು ಕೊಟ್ಟರೆ ಇಸಿದುಕೊಳ್ಳಿ.

ಇನ್ನು ಆ ಸಣ್ಣ ತಪ್ಪು.

ಆಪರೇಷನ್ ಆದ ಮೇಲೆ ಹಣೆಯ ಪ್ಲಾಸ್ಟರ್ ಕಿತ್ತರೆ ‘ನೋ’ ಹಾಗೇ ಇತ್ತು. ವೀಣಾ ಕೊಬ್ಬರಿ ಎಣ್ಣೆ ಹಚ್ಚಿದಳು. “ಹಣೆಬರಹ ಅಂದ್ರೆ ಇದೇ ನೋಡಿ,” ಎಂದಳು. ಹೋಗಲಿಲ್ಲ. ಕಣ್ಣಿನ ಹತ್ತಿರ ಉಜ್ಜಬೇಡಿ, ತಾನಾಗಿಯೇ ಹೋಗಲಿ ಎಂದರು ಡಾಕ್ಟರ್. ಹನ್ನೊಂದನೆಯ ದಿನ ಅರ್ಧ ಹೊತ್ತಿಗೆಂದು ಆಫೀಸಿಗೆ ಹೋದಾಗ ಮಸುಕಾಗಿತ್ತು, ಆದರೆ ಓದಬಹುದಿತ್ತು. ಮೆಹ್ತಾ ಒಂದು ಬ್ಯಾಚಿನ ಫೈಲು ಹಿಡಿದು ಬಾಗಿಲಿಗೆ ಬಂದ, ನನ್ನ ಹಣೆ ನೋಡಿದ, ಬಾಯಿ ತೆರೆಯದೆ ಹಿಂದಿರುಗಿದ. ಮಧ್ಯಾಹ್ನ ವಂಜಿರು ಹೊಸ ವರ್ಷದ ಫಾರಂ ತಂದಳು.

“ಪೋಲೆ ಸಾನಾ, ಬಾಸ್. ಕಣ್ಣಿನ ವಿಮೆ ಈ ವರ್ಷ...” ಎಂದವಳು ನನ್ನ ಹುಬ್ಬಿನ ಮೇಲೊಮ್ಮೆ ನೋಡಿ, ಪೆನ್ನನ್ನು ಬೇಡ ಎಂಬ ಚೌಕದ ಕಡೆಗೆ ಒಯ್ದಳು.

“ಹಣೆ ನೋಡಬೇಡ ವಂಜಿರು. ಇಲ್ಲಿ ಕೊಡು,” ಎಂದು ಫಾರಂ ಇಸಿದುಕೊಂಡು ‘ಬೇಕು’ ಎಂಬಲ್ಲಿ ಗುರುತು ಹಾಕಿದೆ.

ಅವಳು ಹೋದ ಮೇಲೆ ಕುತೂಹಲ ತಡೆಯದೆ ಹಳೆಯ ಫೈಲೊಂದನ್ನು ತೆಗೆದೆ. ಲ್ಯಾಬಿಗೆ ಈ ಮಾರ್ಕರ್ ಪೆನ್ ಕೊಳ್ಳುವ ಮೊದಲು ಅದನ್ನು ಪರೀಕ್ಷಿಸಿದ ವರದಿ. ನೀರಿಗೆ ಹಾಕಿದ್ದೆವು, ಸೋಪಿಗೆ, ಸ್ಪಿರಿಟ್ಟಿಗೆ, ಕುದಿಯುವ ಹಬೆಗೆ ಹಿಡಿದಿದ್ದೆವು. ಕೆಳಗೆ ನನ್ನದೇ ಕೈಬರಹ, ನನ್ನದೇ ಸಹಿ: ‘ಅಳಿಸಲಿಲ್ಲ. ಪಾಸ್.’